ಸೀಟಿ ಮಾವನ ಟೇಕಾಫ್

ಎದುರು ಫ್ಲ್ಯಾಟಿನ ಬಾಗಿಲಿಗೆ ‘ಮನೆ ಮಾರಾಟಕ್ಕಿದೆ’ ಎಂಬ ಬೋರ್ಡು ಬಿದ್ದಾಗಿನಿಂದ ಕಂಟ್ರೋಲರನ ನಿದ್ದೆ ಹಾರಿಹೋಗಿತ್ತು. ಬೋರ್ಡು ಯಾರ ಕಣ್ಣಿಗಾದರೂ ಬೀಳಲಿ, ಚಿಂತೆಯಿರಲಿಲ್ಲ. ಅದು ಹೋಗಿ ಬಿದ್ದದ್ದು ಸೀಟಿ ಮಾವನ ಕಣ್ಣಿಗೆ.

ಸೀಟಿ ಮಾವ ಎಂದರೆ ಅವನ ಹೆಂಡತಿಯ ಸೋದರಮಾವ. ಟ್ರಾಫಿಕ್ ಪೊಲೀಸ್ ಕೆಲಸದಿಂದ ಅವರು ನಿವೃತ್ತರಾಗಿದ್ದರೂ ಕೊರಳಲ್ಲಿದ್ದ ಸೀಟಿ ನಿವೃತ್ತವಾಗಿರಲಿಲ್ಲ. ನಾಲ್ಕು ದಿನ ಇದ್ದು ಹೋಗುತ್ತೇನೆಂದು ಒಂದು ಕೈಚೀಲ ಹಿಡಿದು ಬಂದವರು ತಿಂಗಳುಗಟ್ಟಲೆ ಕದಲಿರಲಿಲ್ಲ. ಬೆಳಗಾದರೆ ಬಚ್ಚಲುಮನೆಯ ಮುಂದೆ ನಿಂತು, ಒಬ್ಬರಿಗೆ ಅಂಗೈ ತೋರಿಸಿ ತಡೆದು, ಇನ್ನೊಬ್ಬರನ್ನು ಒಳಗೆ ಬಿಡುತ್ತಿದ್ದರು. ಒಳಗೆ ಹೋದವನು ಮೈಗೆ ಸೋಪು ಹಚ್ಚಿಕೊಳ್ಳುವಷ್ಟರಲ್ಲಿ ಹೊರಗಿನಿಂದ ಸೀಟಿ ಕೇಳುತ್ತಿತ್ತು.

ಕಂಟ್ರೋಲರನಿಗೆ ವಿಮಾನ ನಿಲ್ದಾಣದ ಟವರಿನಲ್ಲಿ ಕೆಲಸ. ಅಲ್ಲಿ ಅವನು ಮೈಕಿನಲ್ಲಿ ‘ನಿಲ್ಲಿ’ ಎಂದರೆ ಬೆಟ್ಟದಂಥ ವಿಮಾನ ನಿಲ್ಲುತ್ತಿತ್ತು, ‘ಹೊರಡಿ’ ಎಂದರೆ ಹೊರಡುತ್ತಿತ್ತು. ಸಾಲದ್ದಕ್ಕೆ ಅವನು ಹೇಳಿದ್ದನ್ನು ಪೈಲಟ್ ಒಂದಕ್ಷರ ಬಿಡದೆ ತಿರುಗಿ ಒಪ್ಪಿಸಬೇಕು, ಅದು ಅಲ್ಲಿಯ ಕಟ್ಟಳೆ. ಮನೆಯಲ್ಲಿ ಮಾತ್ರ ‘ಒಂದು ಲೋಟ ನೀರು ಕೊಡೇ’ ಎಂದು ಗಂಟಲು ಹರಿದುಕೊಂಡರೂ ತಿರುಗಿ ಹೇಳುವುದಿರಲಿ, ಯಾರೂ ತಿರುಗಿಯೂ ನೋಡುತ್ತಿರಲಿಲ್ಲ.

“ನಿಮ್ದೂ ಒಂದು ಟ್ರಾಫಿಕ್ಕೇನ್ರೀ ಅಳಿಯಂದ್ರೇ?” ಎಂದು ಮಾವ ಊಟದ ಹೊತ್ತಿಗೆ ಸರಿಯಾಗಿ ಶುರು ಮಾಡುತ್ತಿದ್ದರು. “ತಣ್ಣಗೆ ಎಸಿ ರೂಮಲ್ಲಿ ಕೂತು ಮಾತಾಡೋದು. ನಿಮ್ಮ ವಿಮಾನಗಳೋ, ಶಾಲೆ ಮಕ್ಕಳ ಥರ ಒಂದರ ಹಿಂದೆ ಒಂದು ಬರ್ತವೆ. ನಾಲ್ಕು ದಿಕ್ಕಿಂದ ಲಾರಿ ನುಗ್ಗೋವಾಗ ನಡುವೆ ನಿಂತ್ಕೊಂಡು ನೋಡಿ! ಮನುಷ್ಯ ಖಡಕ್ಕಾಗಿರ್ಬೇಕು. ನೀವು ಪಾಪ, ತೀರಾ ಮೆತ್ತಗೆ.”

ಇಂಥ ಮಾವ ಎದುರು ಮನೆಯನ್ನೇ ಕೊಂಡುಕೊಂಡು ಖಾಯಮ್ಮಾಗಿ ನೆಲೆಸುವ ಮಾತೆತ್ತಿದ್ದರು. ಮನೆ ಮಾರುವ ಟೀಚರಮ್ಮನಿಗೆ ಅವಸರ. ಇವತ್ತು ಬೇರೊಬ್ಬ ಗಿರಾಕಿ ಬಂದು ಮಾತು ಮುಗಿಸುವುದರಲ್ಲಿದ್ದ. ಮಾವನೋ, ಊರಿಗೆ ಹೋಗಿ ಯೋಚಿಸಿ ಹೇಳುತ್ತೇನೆಂದು ಇವತ್ತಿನ ಬೆಳಗಿನ ವಿಮಾನಕ್ಕೇ ಟಿಕೆಟ್ ಮಾಡಿಸಿದ್ದರು. ವಿಮಾನ ಹಾರಿದರೆ ಮನೆ ಬೇರೆಯವರ ಪಾಲಾಗಿ ಕಂಟ್ರೋಲರ್ ಬಚಾವು. ಹಾರದಿದ್ದರೆ ಜೀವಮಾನವಿಡೀ ಸೀಟಿ.

ಬೆಳಗ್ಗೆ ಹೊರಡುವಾಗಲೇ ವಿಘ್ನ. ಕಟ್ಟಡದ ಸಂಘದ ಸೆಕ್ರೆಟರಿ ಅಕ್ಕಪಕ್ಕದವರನ್ನೆಲ್ಲ ಗೇಟಿನ ಹತ್ತಿರ ಸೇರಿಸಿ ಬೀಳ್ಕೊಡುಗೆ ಭಾಷಣ ಶುರುಮಾಡಿಬಿಟ್ಟರು. “ಇವರು ಬಂದ್ಮೇಲೆ ನಮ್ಮ ಪಾರ್ಕಿಂಗಿಗೆ ಒಂದು ಶಿಸ್ತು ಬಂತು. ಇಂಥೋರನ್ನ ಕಳಿಸೋಕೆ ಮನಸ್ಸಾದ್ರೂ ಹೇಗೆ ಬರತ್ತೆ ಸಾರ್ ನಿಮ್ಗೆ?” ಎಂದು ಕಂಟ್ರೋಲರನನ್ನೇ ಕೇಳಿದರು. ಆ ಶಿಸ್ತಿನ ದೆಸೆಯಿಂದ ಇವನ ಕಾರು ಹಿಂದೆ ಮುಂದೆ ಚಲಿಸದಂತೆ ಎರಡು ಕಾರುಗಳ ನಡುವೆ ಸಿಕ್ಕಿಬಿದ್ದಿತ್ತು. ಮಾವ ಸೀಟಿ ಊದುತ್ತಾ “ಬರ್ಲಿ, ಬರ್ಲಿ, ಬರ್ಲಿ” ಎಂದು ಕರೆದು, ಹಿಂದಿನ ದೀಪ ಒಡೆದ ಮೇಲೆ “ಸ್ಟಾಪ್!” ಎಂದರು. ಬೇರೆ ದಿನವಾಗಿದ್ದರೆ ಇವನಿಗೆ ಕೋಪ ಬರುತ್ತಿತ್ತು. ಇವತ್ತು ನಕ್ಕುಬಿಟ್ಟ.

ದಾರಿಯಲ್ಲಿ ಖುಷಿ ತಡೆಯಲಾಗದೆ ಹೇಳಿಯೂ ಹೇಳಿದ. “ಮಾವ, ಇವತ್ತು ಸಾಲಲ್ಲಿ ನಿಂತಿರೋ ವಿಮಾನಗಳನ್ನ ಹೊರಡಿಸೋ ಪಾಳಿ ನಂದೇ. ನಿಮ್ಮ ವಿಮಾನಕ್ಕೂ ನಾನೇ ಅಪ್ಪಣೆ ಕೊಡೋದು.”

“ಹಾಗಾದ್ರೆ ಹೊರಟ ಹಾಗೇ!” ಎಂದು ಮಾವ ಹಿಂದಿನ ಸೀಟಿನಲ್ಲಿದ್ದ ಇವನ ಹೆಂಡತಿಗೆ ಕಣ್ಣು ಮಿಟುಕಿಸಿದರು. ಅವಳು ಕಿಸಕ್ಕನೆ ನಕ್ಕಳು.

ಟವರಿನ ಮೇಲಕ್ಕೆ ಫೋನ್ ಒಯ್ಯುವಂತಿಲ್ಲ. ಕೆಳಗೆ ಅದನ್ನು ಲಾಕರಿನಲ್ಲಿಡುವ ಮುಂಚೆ ಹೆಂಡತಿಯ ಕರೆ ಬಂತು. “ಮಾವ ಒಳಗೆ ಹೋದ್ರು ರೀ” ಎಂದಳು. ಇವನು ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುತ್ತಾ ಹತ್ತಿದ.

ಮೇಲೆ ಹೋದರೆ ಹೊಸ ಸುದ್ದಿ. ಮಧ್ಯಾಹ್ನ ರಿಪೇರಿಗೆಂದು ರನ್‌ವೇ ಮುಚ್ಚುತ್ತಾರೆ, ಆಮೇಲೆ ಸಂಜೆಯವರೆಗೆ ಒಂದು ವಿಮಾನವೂ ಏಳುವಂತಿಲ್ಲ. ಇವನು ಗಡಿಯಾರ ನೋಡಿದ. ಅಷ್ಟರಲ್ಲಿ ಪಕ್ಕದಲ್ಲಿ ರನ್‌ವೇ ನೋಡಿಕೊಳ್ಳುತ್ತಿದ್ದ ಹಿರಿಯ ಮೇಡಂ, “ಅಯ್ಯೋ, ರನ್‌ವೇ ಮೇಲೆ ನಾಯಿ!” ಎಂದರು.

ಎಲ್ಲ ವಿಮಾನಗಳೂ ನಿಂತವು. ಜೀಪು ನಾಯಿಯ ಹಿಂದೆ ಓಡಿತು. ನಾಯಿಗೆ ಆಟವೆನ್ನಿಸಿ ಅದು ಜೀಪಿನ ಹಿಂದೆ ಓಡಿತು. ಕೊನೆಗೆ ಸುಸ್ತಾಗಿ ರನ್‌ವೇಯ ನಟ್ಟನಡುವೆ ಕೂತು ಕಿವಿ ಕೆರೆದುಕೊಳ್ಳತೊಡಗಿತು. ಕಂಟ್ರೋಲರ್ ದುರ್ಬೀನಿನಲ್ಲಿ ನೋಡುತ್ತಾ, “ಏಳಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ, ಏಳು” ಎಂದು ಗೋಗರೆದ.

“ಯಾಕ್ರೀ ಇಷ್ಟು ಬೆವರ್ತಿದ್ದೀರಿ?” ಎಂದರು ಮೇಡಂ.

“ಪ್ರಯಾಣಿಕರಿಗೆ ತೊಂದ್ರೆ ಆಗತ್ತಲ್ಲ ಮೇಡಂ” ಎಂದ. ಇಷ್ಟು ವರ್ಷದಲ್ಲಿ ಅವನಿಗೆ ಪ್ರಯಾಣಿಕರ ಮೇಲೆ ಇಂಥ ಪ್ರೀತಿ ಉಕ್ಕಿದ್ದು ಇದೇ ಮೊದಲು.

ನಾಯಿ ತೊಲಗಿತು. ಸಾಲಿನಲ್ಲಿದ್ದ ವಿಮಾನಗಳು ಒಂದೊಂದಾಗಿ ಹೋದವು. ಮಾವನ ವಿಮಾನದ ಸರದಿ ಬಂತು. ಆದರೆ ಅದರ ಪೈಲಟ್ ತುಟಿ ಬಿಚ್ಚಲಿಲ್ಲ. ಇವನೇ ಕರೆದು ಕೇಳಿದ.

“ಸ್ವಲ್ಪ ತಡ ಆಗತ್ತೆ ಟವರ್. ಒಬ್ಬರು ಪ್ರಯಾಣಿಕರು ಇನ್ನೂ ಬಂದಿಲ್ಲ. ಟರ್ಮಿನಲ್ ಒಳಗೇ ಇದ್ದಾರಂತೆ, ಹುಡುಕ್ತಿದ್ದಾರೆ. ಕಾಯೋಣ ಅಂತಿದ್ದೀವಿ.”

ಕಂಟ್ರೋಲರನಿಗೆ ರೇಗಿಹೋಯಿತು. ಯಾವನೋ ಒಬ್ಬ ಬೇಜವಾಬ್ದಾರಿ ಮನುಷ್ಯ ಅಂಗಡಿ ನೋಡುತ್ತಾ ನಿಂತದ್ದಕ್ಕೆ ತನ್ನ ಸಂಸಾರ ಹಾಳಾಗಬೇಕೇ? “ಕಾಯೋ ಹಾಗಿಲ್ಲ!” ಎಂದು ಮೈಕಿನಲ್ಲಿ ಗುಡುಗಿದ. “ಈಗಿಂದೀಗ ಬಾಗಿಲು ಹಾಕದಿದ್ರೆ ನಿಮ್ಮ ಸರದಿ ಹೋಗತ್ತೆ. ಆಮೇಲೆ ಸಂಜೆಗೇ. ಒಬ್ಬರಿಗೋಸ್ಕರ ಎಲ್ಲರನ್ನೂ ಕಾಯಿಸೋದು ಯಾವ ನ್ಯಾಯ? ಅವರ ಲಗೇಜ್ ಇದ್ರೆ ಇಳಿಸಿ, ಹೊರಡಿ.”

“ಲಗೇಜೇನೂ ಹಾಕಿಲ್ಲ. ಆದ್ರೂ...”

“ಮತ್ತೇನು ಯೋಚ್ನೆ? ಬಿಟ್ಟು ಹೊರಡಿ!”

ಮೇಡಂ ಮೆಲ್ಲಗೆ, “ಪಾಪ, ಯಾರೋ ವಯಸ್ಸಾದೋರು ಇರ್ಬಹುದು ಕಣ್ರೀ” ಎಂದರು.

“ವಯಸ್ಸಾದೋರಿಗೆ ಇನ್ನೂ ಹೆಚ್ಚು ಶಿಸ್ತಿರ್ಬೇಕು ಮೇಡಂ.”

ಪೈಲಟ್ ಕಟ್ಟಳೆಯಂತೆ ಒಂದಕ್ಷರ ಬಿಡದೆ ಒಪ್ಪಿಸಿದ. “ಒಬ್ಬ ಪ್ರಯಾಣಿಕರನ್ನು ಬಿಟ್ಟು ಹೊರಡುತ್ತಿದ್ದೇವೆ.” ಆ ಮಾತು ಇವನ ಕಿವಿಗೆ ಸಂಗೀತದಂತೆ ಕೇಳಿಸಿತು. ವಿಮಾನ ಓಡಿತು, ಮೂಗೆತ್ತಿತು, ಮೋಡದೊಳಗೆ ಚುಕ್ಕೆಯಾಗಿ ಕರಗಿತು. ಕಂಟ್ರೋಲರ್ ಗಾಜಿಗೆ ಮೂಗು ಒತ್ತಿ, ಏನೂ ಕಾಣದಾದ ಮೇಲೂ ಕೈ ಬೀಸುತ್ತಲೇ ಇದ್ದ.

ಪಾಳಿ ಮುಗಿಸಿ ಅವನು ನೆಟ್ಟಗೆ ಮನೆಗೆ ಬಂದ. ಎದುರು ಮನೆಯ ಬೋರ್ಡು ಮಾಯವಾಗಿತ್ತು. ಮೆಟ್ಟಿಲ ಮೇಲೆ ಸೆಕ್ರೆಟರಿ ಸಿಕ್ಕಿ, “ಟೀಚರಮ್ಮನ ಮನೆ ಬೇರೆಯವರಿಗೆ ಆಗೋಯ್ತು ಸಾರ್. ಈಗಷ್ಟೇ ಮಾತು ಮುಗೀತು” ಎಂದರು. ಇವನಿಗೆ ಅವರನ್ನು ಎತ್ತಿ ಮುದ್ದಾಡುವಷ್ಟು ಸಂತೋಷವಾಯಿತು. ಸಿಳ್ಳೆ ಹಾಕುತ್ತಾ ಬಾಗಿಲು ತಳ್ಳಿದ.

ನಡುಮನೆಯಲ್ಲಿ ಮಾವ ಕೂತಿದ್ದರು.

ಕೈಚೀಲ ಪಕ್ಕದಲ್ಲಿತ್ತು. ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಇವನ ಕಾಲು ಹೊಸ್ತಿಲಲ್ಲೇ ನೆಟ್ಟುಹೋಯಿತು.

“ತಪಾಸಣೆ ಸಾಲು ನೋಡ್ಬೇಕಿತ್ತು ಅಳಿಯಂದ್ರೇ, ಕುರಿಮಂದೆ!” ಎಂದರು ಮಾವ. “ನನ್ನ ಕೈಲಿ ಸುಮ್ನಿರೋಕಾಗ್ಲಿಲ್ಲ. ಸೀಟಿ ತೆಗೆದು, ಗಂಡಸರು ಈ ಕಡೆ, ಹೆಂಗಸರು ಆ ಕಡೆ, ಮಕ್ಕಳಿರೋರು ಮುಂದೆ ಅಂತ ಒಬ್ಬೊಬ್ಬರನ್ನೇ ಬಿಟ್ಟೆ. ಎಲ್ಲರೂ ಅವರವರ ವಿಮಾನ ಹತ್ತಿದ್ರು. ಕೊನೆಗೆ ನಾನು ಓಡಿ ಹೋಗ್ತೀನಿ, ಬಾಗಿಲು ಹಾಕಿದೆ! ಅಲ್ಲಿದ್ದ ಹುಡುಗಿ, ‘ಕ್ಯಾಪ್ಟನ್ ಕಾಯೋಕೆ ಸಿದ್ಧ ಇದ್ರು, ಟವರಿನೋರೇ ಬಿಟ್ಟು ಹೊರಡಿ ಅಂದ್ರು’ ಅಂದ್ಲು.”

ಕಂಟ್ರೋಲರ್ ತೊದಲಿದ. “ಮಾವ, ಅದು... ನಂಗೆ...”

“ಏನೂ ಹೇಳ್ಬೇಡಿ!” ಮಾವ ಅಂಗೈ ತೋರಿಸಿ ತಡೆದು ಎದ್ದು ಬಂದರು. ಏಟು ಬಿತ್ತೆಂದೇ ಇವನು ಕಣ್ಣು ಮುಚ್ಚಿದ. ಬಿದ್ದದ್ದು ಅಪ್ಪುಗೆ. “ಸ್ವಂತ ಮಾವನ ವಿಮಾನ ಅಂತ ಗೊತ್ತಿದ್ದೂ ಬಿಟ್ಟು ಕಳಿಸಿದ್ರಲ್ಲ! ನಾನಾಗಿದ್ರೂ ಅಷ್ಟೇ ಮಾಡ್ತಿದ್ದೆ. ನಿಮ್ಮನ್ನ ಮೆತ್ತಗೆ ಅಂದಿದ್ದು ತಪ್ಪಾಯ್ತು. ಇಷ್ಟು ವರ್ಷ ನನ್ನ ಶಿಸ್ತು ಅರ್ಥ ಆಗೋರು ಈ ವಂಶದಲ್ಲೇ ಒಬ್ರೂ ಇಲ್ಲ ಅಂತ ಕೊರಗ್ತಿದ್ದೆ.” ಅವರ ದನಿ ನಿಜವಾಗಿಯೂ ನಡುಗಿತು. “ಬಂದವನೇ ಟೀಚರಮ್ಮನಿಗೆ ಹೇಳ್ಬಿಟ್ಟೆ, ನಿಮ್ಮ ಮನೆ ಯಾರಿಗಾದ್ರೂ ಕೊಟ್ಕೊಳ್ಳಿ ಅಂತ. ಇಂಥ ಅಳಿಯ ಇರೋವಾಗ ನಂಗ್ಯಾಕೆ ಬೇರೆ ಮನೆ? ಇನ್ಮೇಲೆ ಇಲ್ಲೇ, ನಿಮ್ಮ ಜೊತೆಗೇ!”

ಕಂಟ್ರೋಲರನ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯಿತು.

“ನೋಡಮ್ಮ” ಎಂದರು ಮಾವ ಸೊಸೆಯ ಕಡೆ ತಿರುಗಿ, “ಎಷ್ಟು ಸಂತೋಷ ಆಗಿದೆ ಅವರಿಗೆ.”