ಕಾರ್ಯದರ್ಶಿಗಳ ಪರವಾಗಿ ಬಸ್ಕಿ

ಹೊಂಬೆಳಕು ಬಡಾವಣೆಯ ನಿವಾಸಿಗಳ ಸಂಘದ ಕಚೇರಿಯು ಮೊದಲ ಮಹಡಿಯಲ್ಲಿದ್ದು, ಅದಕ್ಕೆ ಹದಿನೆಂಟು ಮೆಟ್ಟಿಲುಗಳಿವೆ. ಸಂಘದ ಕಾರ್ಯದರ್ಶಿ ಗುಂಡಣ್ಣನವರು ಏಳನೆಯ ಮೆಟ್ಟಿಲಿನವರೆಗೆ ಮಾತ್ರ ಲಭ್ಯರಿರುತ್ತಾರೆ. ಎಂಟನೆಯದಕ್ಕೆ ಕಾಲೆತ್ತಿದರೆ ಏದುಸಿರು ಬಂದು ಅಲ್ಲೇ ಕೂತುಬಿಡುತ್ತಾರೆ.

ಸಂಘದ ಹದಿನಾಲ್ಕನೆಯ ನಿಯಮವೊಂದಿಲ್ಲದಿದ್ದರೆ ಇದರಿಂದ ಯಾರಿಗೂ ತೊಂದರೆಯಿರಲಿಲ್ಲ. ಸತತ ಮೂರು ಸಭೆಗಳಿಗೆ ಮೇಲೆ ಬಂದು ಸಹಿ ಹಾಕದ ಕಾರ್ಯದರ್ಶಿಯ ಹುದ್ದೆ ತಾನಾಗಿಯೇ ರದ್ದಾಗತಕ್ಕದ್ದು. ಹಿಂದಿನ ಕಾರ್ಯದರ್ಶಿ ಕೃಷ್ಣಯ್ಯನವರನ್ನು ಇಳಿಸಲೆಂದೇ ಗುಂಡಣ್ಣನವರು ಸ್ವಹಸ್ತದಿಂದ ಬರೆದ ನಿಯಮ ಅದು. ಮಾಡಿದ್ದುಣ್ಣೋ ಮಹರಾಯ ಎಂದು ಕೃಷ್ಣಯ್ಯನವರು ಈಗ ಹಾಜರಿ ಪುಸ್ತಕದಲ್ಲಿ ಗುಂಡಣ್ಣನವರ ಎರಡು ಗೈರುಹಾಜರಿಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿಟ್ಟಿದ್ದರು. ನಿವೃತ್ತ ಸೂಪರಿಂಟೆಂಡೆಂಟರಾದ ಗುಂಡಣ್ಣನವರಿಗೆ ಉಳಿದಿದ್ದ ಕುರ್ಚಿ ಇದೊಂದೇ. ಇದೂ ಹೋದರೆ ಬೆಳಿಗ್ಗೆ ಎದ್ದು ಇಸ್ತ್ರಿ ಶರ್ಟು ಯಾಕೆ ಹಾಕಬೇಕು ಎಂದು ಯೋಚಿಸಿ ಅವರಿಗೆ ನಿಜಕ್ಕೂ ಭಯವಾಯಿತು.

ಪಾರ್ಕಿನಲ್ಲಿ ದಿನಾ ನಾಲ್ಕು ಸುತ್ತು ಹಾಕಿ ಎಂದರು ಹೆಂಡತಿ ಗೋದಾ. ಆದೇಶವಿಲ್ಲದೆ ನಡೆಯುವ ಅಭ್ಯಾಸ ಗುಂಡಣ್ಣನವರಿಗಿರಲಿಲ್ಲ. ಮರುದಿನವೇ ಸೂಚನಾ ಫಲಕದಲ್ಲಿ ಪ್ರಕಟಣೆ ಬಿತ್ತು:

‘ಕಾರ್ಯದರ್ಶಿಗಳಿಗೆ ಒಬ್ಬ ಖಾಸಗಿ ಫಿಟ್‌ನೆಸ್ ತರಬೇತುದಾರರು ಬೇಕಾಗಿದ್ದಾರೆ. ನಡತೆ ಪ್ರಮಾಣಪತ್ರ ಹಾಗೂ ತೋಳಿನ ಸುತ್ತಳತೆಯ ದೃಢೀಕೃತ ಪ್ರತಿಗಳನ್ನು ಮೂರು ಸೆಟ್ ಲಗತ್ತಿಸತಕ್ಕದ್ದು. ಕಾರ್ಯದರ್ಶಿಗಳನ್ನು ಏಕವಚನದಲ್ಲಿ ಹುರಿದುಂಬಿಸತಕ್ಕದ್ದಲ್ಲ.’

ಬಾಗಲಗುಂಟೆಯ ಜ್ಯೋತಿಲಕ್ಷ್ಮಿ ಹನ್ನೆರಡು ವರ್ಷ ಜಿಮ್ ನಡೆಸಿದವಳು. ಬಂದವಳೇ, ಬಗ್ಗಿ ಕಾಲ್ಬೆರಳು ಮುಟ್ಟುತ್ತೀರಾ ಎಂದು ಕೇಳಿದಳು. ಸಂದರ್ಶನದಲ್ಲಿ ಪ್ರಶ್ನೆ ಕೇಳುವ ಅಧಿಕಾರ ಅಭ್ಯರ್ಥಿಗಿಲ್ಲವೆಂಬ ಕಾರಣಕ್ಕೆ ಆಕೆಯನ್ನು ತಿರಸ್ಕರಿಸಲಾಯಿತು. ಆರ್.ಟಿ. ನಗರದ ಜಹೀರ್ ಏನನ್ನೂ ಕೇಳಲಿಲ್ಲ, ಮೂರರ ಬದಲು ನಾಲ್ಕು ಸೆಟ್ ತಂದಿದ್ದ. ಅವನೇ ಆಯ್ಕೆಯಾದ.

ಮೊದಲ ದಿನ ಗುಂಡಣ್ಣನವರು ಎರಡು ಬಸ್ಕಿ ಹೊಡೆದರು. ಮೂರನೆಯದನ್ನು ಮುಂದೂಡಲಾಯಿತು. ಅಷ್ಟರಲ್ಲಿ ಗೋದಾ ದೇವಸ್ಥಾನದಲ್ಲಿ ಗಂಡನ ಹೆಸರಿಗೆ ಅರ್ಚನೆ ಮಾಡಿಸಿ ಪ್ರಸಾದ ಹಿಡಿದು ಬಂದರು. ಅದನ್ನು ಬಾಯಿಗೆ ಹಾಕಿಕೊಳ್ಳುತ್ತಲೇ ಗುಂಡಣ್ಣನವರಿಗೆ ದಾರಿ ಹೊಳೆಯಿತು. ಕಾಗದ ತರಿಸಿ ಜಹೀರನ ಹೆಸರಿಗೆ ಒಂದು ಅಧಿಕಾರ ಪತ್ರ ಬರೆದರು.

“ಸರ್, ಹೊಟ್ಟೆ ನಿಮ್ದು,” ಎಂದ ಜಹೀರ್. “ನಾನ್ ಬಸ್ಕಿ ಹೊಡುದ್ರೆ ಅದೆಂಗೆ ಕರಗುತ್ತೆ?”

“ಅರ್ಚನೆ ಮಾಡೋರು ಅರ್ಚಕರು. ದೇವಸ್ಥಾನಕ್ಕೆ ನಾನು ಹೋಗಿದ್ನೇನಪ್ಪಾ? ಫಲ ನನಗೆ ಬರ್ಲಿಲ್ವಾ? ಹೆಸರು, ನಕ್ಷತ್ರ ಸರಿಯಾಗಿ ಹೇಳ್ಬೇಕು, ಅಷ್ಟೇ.”

ಮಾರನೆಯ ದಿನದಿಂದ ಜಹೀರ್ ‘ಗುಂಡಣ್ಣ, ಪುಷ್ಯ ನಕ್ಷತ್ರ, ಕರ್ಕಾಟಕ ರಾಶಿ’ ಎಂದು ಹೇಳಿ ನೂರು ಬಸ್ಕಿ ಹೊಡೆಯತೊಡಗಿದ. ಗುಂಡಣ್ಣನವರು ಉಪ್ಪಿಟ್ಟು ತಿನ್ನುತ್ತಾ ಮೇಲ್ವಿಚಾರಣೆ ಮಾಡಿದರು. ತಿಂಗಳ ಕೊನೆಗೆ ಗುಂಡಣ್ಣನವರ ತೂಕ ನಾಲ್ಕು ಕೆಜಿ ಇಳಿದಿರುವುದನ್ನು ಜಹೀರನನ್ನು ತೂಗಿ ದೃಢಪಡಿಸಲಾಯಿತು.

ಮೂರನೆಯ ಸಭೆ ಬಂತು. ಗುಂಡಣ್ಣನವರು ಯಥಾಪ್ರಕಾರ ಏಳನೆಯ ಮೆಟ್ಟಿಲಲ್ಲಿ ಕೂತು, ಅಧಿಕಾರ ಪತ್ರ ಕೊಟ್ಟು ಜಹೀರನನ್ನು ಮೇಲೆ ಕಳಿಸಿದರು. ಕೃಷ್ಣಯ್ಯನವರು ಅದನ್ನು ಎರಡು ಸಲ ಓದಿದರು. ‘ಸದರಿಯವರು ನನ್ನ ದೇಹಕ್ಕೆ ಸಂಬಂಧಿಸಿದ ಸಕಲ ಕಾರ್ಯಗಳನ್ನೂ ನಿರ್ವಹಿಸಲು ಅಧಿಕಾರ ಹೊಂದಿರುತ್ತಾರೆ’ ಎಂದಿತ್ತು. ಮೆಟ್ಟಿಲು ಹತ್ತುವುದು ದೇಹ, ಕುರ್ಚಿಯಲ್ಲಿ ಕೂರುವುದೂ ದೇಹ, ಸಹಿ ಹಾಕುವುದೂ ದೇಹವೇ. ಕಾರ್ಯದರ್ಶಿಗಳು ಎರಡೆರಡು ಮೆಟ್ಟಿಲು ಹಾರಿ ಹಾಜರಾದರೆಂದು ನಡಾವಳಿಯಲ್ಲಿ ಬರೆಯಲಾಯಿತು. ಹುದ್ದೆ ಉಳಿಯಿತು.

ಕೂತಿದ್ದೇನೋ ಕೂತಾಯಿತೆಂದು ಜಹೀರ್ ಅವರು ಬೀದಿದೀಪದ ಅರ್ಜಿಗೂ ಬೋರ್‌ವೆಲ್ ರಿಪೇರಿಗೂ ಅಂದೇ ಸಹಿ ಹಾಕಿದರು. ಎರಡು ವರ್ಷದಿಂದ ಕತ್ತಲಿದ್ದ ಮೂರನೇ ಅಡ್ಡರಸ್ತೆ ವಾರದೊಳಗೆ ಬೆಳಗಿತು. ಜನ ಕಾರ್ಯದರ್ಶಿಗಳ ಚುರುಕನ್ನು ಹೊಗಳಿದರು. ಗುಂಡಣ್ಣನವರ ಹೊಟ್ಟೆ ಉರಿಯಿತು. ಮೆಟ್ಟಿಲ ಬುಡದಲ್ಲಿ ನಿಂತು, ಅಧಿಕಾರ ಪತ್ರ ರದ್ದು ಮಾಡಬೇಕೆಂದು ಕೂಗಿ ಹೇಳಿದರು.

ಕೃಷ್ಣಯ್ಯನವರು ಮಹಡಿಯ ಕಂಬಿಗಳ ಮೇಲಿಂದ ಬಗ್ಗಿ ನೋಡಿದರು. “ಅದಕ್ಕೆ ಕಾರ್ಯದರ್ಶಿಗಳ ಸಹಿ ಬೇಕು ಸ್ವಾಮಿ. ಅವ್ರು ಮೇಲಿದ್ದಾರೆ.”

ಗುಂಡಣ್ಣನವರು ಯೋಚಿಸಿ ನೋಡಿದರು. ಕ್ರಮದಲ್ಲಿ ಎಲ್ಲಿಯೂ ಲೋಪವಿರಲಿಲ್ಲ.

ವಾರ್ಷಿಕೋತ್ಸವದಲ್ಲಿ, ತೂಕ ಇಳಿಸಿ ಬಡಾವಣೆಗೆ ಮಾದರಿಯಾದ ಕಾರ್ಯದರ್ಶಿಗಳಿಗೆ ಶಾಲು ಹೊದಿಸಿ ಸನ್ಮಾನಿಸಲಾಯಿತು. ಗುಂಡಣ್ಣನವರ ಹೆಸರು ಕೂಗಿದಾಗ ಜಹೀರ್ ಅವರು ವೇದಿಕೆ ಏರಿದರು. ಗುಂಡಣ್ಣನವರು ಕೊನೆಯ ಸಾಲಿನಲ್ಲಿ ಎಲ್ಲರೊಡನೆ ಚಪ್ಪಾಳೆ ತಟ್ಟಿದರು. ಹೊಸದಾಗಿ ಬಂದ ಬಾಡಿಗೆದಾರರೊಬ್ಬರು, ಗುಂಡಣ್ಣನವರತ್ತ ತೋರಿಸಿ, ಈ ಯಜಮಾನರು ಯಾರು ಎಂದು ಗೋದಾರನ್ನು ವಿಚಾರಿಸಿದರು.

“ಇವ್ರಾ? ಕಾರ್ಯದರ್ಶಿಗಳಿಗೆ ತುಂಬ ಬೇಕಾದೋರು,” ಎಂದರು ಗೋದಾ.

ದಾಖಲೆಗಳ ಪ್ರಕಾರ ಅದು ಸರಿಯಾಗಿದ್ದುದರಿಂದ ಗುಂಡಣ್ಣನವರು ತಿದ್ದಲಿಲ್ಲ.