ಬಿ.ಎ. ಓದಿದವನಿಗೂ ತಿಳಿಯದ ಚಿತ್ರ

ಮನೆತನದಲ್ಲಿ ಮೊಟ್ಟಮೊದಲು ಡಿಗ್ರಿ ಮಾಡುವವರು ನೀವಾಗಬೇಡಿ, ಎರಡನೆಯವರಾಗಿ. ಇದು ನಾನು ಅನುಭವಿಸಿ ಹೇಳುತ್ತಿರುವ ಮಾತು. ಎರಡನೆಯವರಿಗೆ ಏನಾದರೂ ತಿಳಿಯದಿದ್ದರೆ ‘ಅಣ್ಣನ್ನ ಕೇಳಿ’ ಎಂದು ಜಾರಿಕೊಳ್ಳುವ ಸೌಕರ್ಯವಿರುತ್ತದೆ. ಮೊದಲನೆಯವನ ಬೆನ್ನ ಹಿಂದೆ ಗೋಡೆ ಬಿಟ್ಟರೆ ಯಾರೂ ಇರುವುದಿಲ್ಲ. ನನ್ನ ಹೆಂಡತಿ ಮಧುವನಹಳ್ಳಿಯವಳು, ಬಿ.ಕಾಂ. ಓದಿದವಳು. ಅವಳ ಮನೆಯಲ್ಲಿ ಅವಳಿಗಿಂತ ಮುಂಚೆ ಅವಳ ಅಕ್ಕ ಓದಿಬಿಟ್ಟಿದ್ದಳು. ಹಾಗಾಗಿ ಇವಳು ಯಾರು ಏನು ಕೇಳಿದರೂ ‘ನಂಗೊತ್ತಿಲ್ಲಪ್ಪ’ ಎಂದು ಹೇಳಿ ತನ್ನ ಟೀ ತಾನು ಕುಡಿಯುತ್ತಾಳೆ. ಆ ನೆಮ್ಮದಿಯನ್ನು ನಾನು ವರ್ಷಗಟ್ಟಲೆ ದೂರದಿಂದ ನೋಡಿ ಹೊಟ್ಟೆಕಿಚ್ಚು ಪಟ್ಟಿದ್ದೇನೆ.

ನನ್ನೂರು ಬಂಡಳ್ಳಿ. ಕೊಳ್ಳೇಗಾಲದಲ್ಲಿ ಬಿ.ಎ. ಮಾಡಿದೆ, ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಬೆಳಿಗ್ಗೆ ಅಣ್ಣನ ಜೊತೆ ಹಿಪ್ಪುನೇರಳೆ ಸೊಪ್ಪು ಕೊಯ್ದು, ಕೈ ತೊಳೆದು, ಬಸ್ಸಿನ ಬಾಗಿಲಿಗೆ ಜೋತುಬಿದ್ದು ಹೋಗಿ ಓದಿದ ಡಿಗ್ರಿ ಅದು. ಮೂರು ವರ್ಷದ ಓದು ನಾಲ್ಕಕ್ಕೆ ಹೋಯಿತು, ಇಂಗ್ಲಿಷ್ ಪೇಪರು ನನ್ನನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಇದನ್ನು ನನ್ನ ಅವ್ವ ಊರಲ್ಲಿ ಹೇಳಿಕೊಂಡು ಬಂದ ರೀತಿಯೇ ಬೇರೆ. “ಎಲ್ರೂ ಮೂರ್ ವರ್ಸ ಓದುದ್ರೆ ನಮ್ಮುಡ್ಗ ನಾಕ್ ವರ್ಸ ಓದವ್ನೆ ಕನಾ” ಎನ್ನುತ್ತಿದ್ದಳು. ಹೆಚ್ಚುವರಿ ವರ್ಷದ ಓದು ಹೆಚ್ಚುವರಿ ಬುದ್ಧಿ ಕೊಟ್ಟಿರಲೇಬೇಕು ಎಂಬುದು ಅವಳ ಲೆಕ್ಕ. ಕರಿ ಗೌನು ಬಾಡಿಗೆಗೆ ತೊಟ್ಟು ಸ್ಟುಡಿಯೋದಲ್ಲಿ ತೆಗೆಸಿಕೊಂಡ ನನ್ನ ಫೋಟೋ ಊರ ಮನೆಯಲ್ಲಿ ಮಾದಪ್ಪನ ಪಟದ ಪಕ್ಕದಲ್ಲೇ ಇದೆ. ಹಬ್ಬ ಬಂದರೆ ಎರಡಕ್ಕೂ ಹೂವು. ಬದುಕಿರುವವನ ಫೋಟೋಗೆ ಹೂ ಮುಡಿಸಬಾರದು ಎಂದು ಯಾರು ಹೇಳಿದರೂ ಕೇಳುವವಳಲ್ಲ.

ಇದರ ಪರಿಣಾಮವೇನೆಂದರೆ, ಊರಿಗೆ ತಿಳಿಯದ್ದೆಲ್ಲ ನನ್ನ ಬಳಿಗೆ ಬರತೊಡಗಿತು. ಮೋಟಾರಿನ ಸ್ಟಾರ್ಟರು, ಮಾತ್ರೆಯ ಪಟ್ಟಿ, ಮೊಬೈಲಿಗೆ ಬರುವ ಬ್ಯಾಂಕಿನ ಮೆಸೇಜು, ಚಂದ್ರನ ಮೇಲೆ ಇಳಿದ ಯಂತ್ರಕ್ಕೆ ಅಲ್ಲಿ ರಾತ್ರಿ ಚಳಿಯಾಗುವುದಿಲ್ಲವೇ ಎಂಬ ಪ್ರಶ್ನೆ. ಒಮ್ಮೆ ಮೇವು ಮುಟ್ಟದ ಮೇಕೆಯನ್ನೇ ಹಿಡಿದು ತಂದರು. ಇತಿಹಾಸದಲ್ಲಿ ಮೇಕೆ ಎಲ್ಲೂ ಬಂದಿರಲಿಲ್ಲ. ಆದರೂ ಅದರ ಕಿವಿ ಮುಟ್ಟಿ, ಹೊಟ್ಟೆ ತಟ್ಟಿ, ‘ಜೀರ್ಣಾಂಗದ ತೊಂದರೆ’ ಎಂದೆ. ಮಾರನೇ ದಿನ ಆ ಮೇಕೆ ತನ್ನಷ್ಟಕ್ಕೆ ತಾನು ಎದ್ದು ಮೇಯಿತು. ಅದು ಹಾಗೆ ಮಾಡಬಾರದಿತ್ತು. ಅಲ್ಲಿಂದಾಚೆಗೆ ‘ಗೊತ್ತಿಲ್ಲ’ ಎನ್ನುವ ದಾರಿಯೇ ನನಗೆ ಮುಚ್ಚಿಹೋಯಿತು. ನಾನು ಗೊತ್ತಿಲ್ಲ ಎಂದರೆ ಮರ್ಯಾದೆ ಹೋಗುವುದು ನನ್ನದಲ್ಲ, ಅವ್ವನದು. ಊರಲ್ಲಿ ಅವಳು ನನ್ನ ತಲೆಯನ್ನು ನಂಬಿ ಎಷ್ಟೊಂದು ವಾದ ಗೆದ್ದುಬಿಟ್ಟಿದ್ದಳು.

ಈಗ ನಾನು ಯಳಂದೂರಿನ ಒಂದು ಕಚೇರಿಯಲ್ಲಿ ಗುಮಾಸ್ತ, ಸಂಸಾರ ಕೊಳ್ಳೇಗಾಲದಲ್ಲಿ. ಅವ್ವ ಊರಲ್ಲಿ ಅಣ್ಣನ ಮನೆಯಲ್ಲಿದ್ದಾಳೆ, ಮನಸ್ಸು ಬಂದಾಗ ಬಸ್ಸು ಹತ್ತಿ ನಮ್ಮಲ್ಲಿಗೆ ಬರುತ್ತಾಳೆ. ಈ ಸಲದ ಆಷಾಢದಲ್ಲಿ ನಮ್ಮ ಬೀದಿಯ ಆಚೆ ತುದಿಯ ಕಲ್ಯಾಣ ಮಂಟಪದ ಮುಂದೆ ಉದ್ದನೆಯ ಲಾರಿಯೊಂದು ಬಂದು ನಿಂತಿತು. ದೊಡ್ಡ ಊರಿನ ಮ್ಯೂಸಿಯಮ್ಮೊಂದು, ತೀರಿಕೊಂಡ ಸಿನಿಮಾ ನಿರ್ದೇಶಕರೊಬ್ಬರು ಕೈಯಾರೆ ಬರೆದ ಚಿತ್ರಗಳನ್ನು ಊರೂರಿಗೆ ಹೊತ್ತು ತಿರುಗುತ್ತಿತ್ತಂತೆ. ಆಷಾಢದಲ್ಲಿ ಮದುವೆ ಇಲ್ಲದೆ ಮಂಟಪ ಖಾಲಿ ಬಿದ್ದಿತ್ತು, ಒಳ್ಳೆಯದೇ ಆಯಿತು. ಈ ಸುದ್ದಿಯನ್ನು ಫೋನಿನಲ್ಲಿ ಅವ್ವನಿಗೆ ಹೇಳಿದ್ದು ನಾನೇ. ಹನೂರಿನ ಟೆಂಟಿನಲ್ಲಿ ಮರಳು ಗುಡ್ಡೆ ಮಾಡಿಕೊಂಡು ಕೂತು ಅವಳು ಆ ನಿರ್ದೇಶಕರ ಸಿನಿಮಾ ನೋಡಿದ್ದಳು. ಮಾರನೇ ದಿನವೇ ಬಂದಿಳಿದಳು. ಜೊತೆಗೆ ಪುಟ್ಟತಾಯಮ್ಮ ಇದ್ದುದನ್ನು ನೋಡಿ, ಫೋನು ಮಾಡಿದ್ದಕ್ಕೆ ನನ್ನನ್ನು ನಾನೇ ಬೈದುಕೊಂಡೆ.

ಪುಟ್ಟತಾಯಮ್ಮ ಊರಲ್ಲಿ ನಮ್ಮ ಪಕ್ಕದ ಮನೆಯಾಕೆ, ಅವ್ವನ ಚಿಕ್ಕಂದಿನ ಗೆಳತಿ, ನಾನು ಅತ್ತೆ ಎನ್ನುತ್ತೇನೆ. ನನ್ನ ಡಿಗ್ರಿಯನ್ನು ಇಡೀ ಊರಿನಲ್ಲಿ ನಂಬದೆ ಉಳಿದಿರುವ ಒಬ್ಬಳೇ ಹೆಂಗಸು. ಆ ಮೇಕೆ ಅವಳದೇ. ‘ಅದು ಬೇಲಿ ಕಳ್ಳಿ ತಿಂದಿತ್ತು, ಕಕ್ಕೊಂಡು ಉಸಾರಾಯ್ತು. ಇವ್ನೇನ್ ಮಾಡ್ದ?’ ಎಂದು ಈಗಲೂ ಹೇಳುತ್ತಾಳೆ. ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ವಾದವಾಗಿತ್ತು. ಅಲ್ಲಿರುವ ಪ್ರತಿ ಚಿತ್ರಕ್ಕೂ ನನ್ನ ಮಗ ಅರ್ಥ ಹೇಳುತ್ತಾನೆ ಎಂದು ಅವ್ವ, ನೋಡೇಬಿಡೋಣ ಎಂದು ಇವಳು.

“ಅಲ್ಲಿ ಗೈಡ್ ಇರ್ತಾರೆ ಕಣ್ರೀ, ನೀವು ಸುಮ್ನಿದ್ಬಿಡಿ” ಎಂದು, ಮನೆಯಲ್ಲೇ ಉಳಿಯಲಿದ್ದ ಹೆಂಡತಿ, ಚಪ್ಪಲಿ ಹಾಕಿಕೊಳ್ಳುತ್ತಿದ್ದ ನನ್ನ ಕಿವಿಯಲ್ಲಿ ಹೇಳಿದಳು. ಎರಡನೇ ಡಿಗ್ರಿಯವರ ಸಲಹೆ ಯಾವಾಗಲೂ ಹೀಗೇ.

ಮಂಟಪದ ಬಾಗಿಲಲ್ಲಿ ಇಬ್ಬರೂ ಚಪ್ಪಲಿ ಬಿಟ್ಟರು. ಬಿಡಬೇಕಿಲ್ಲ ಎಂದು ನಾನು ಹೇಳುವಷ್ಟರಲ್ಲಿ ಅಲ್ಲಿ ಆಗಲೇ ಚಪ್ಪಲಿಯ ದೊಡ್ಡ ರಾಶಿಯೇ ಇರುವುದನ್ನು ಕಂಡು ನಾನೂ ಬಿಟ್ಟೆ. ಪುಟ್ಟತಾಯಮ್ಮ ಅಭ್ಯಾಸಬಲದಿಂದ, “ಊಟ ಮ್ಯಾಲಾ, ಕೆಳಗಾ?” ಎಂದು ವಿಚಾರಿಸಿದಳು. ಊಟವಿಲ್ಲ ಎಂದು ತಿಳಿದಾಗ ಅವಳ ಮನಸ್ಸಿನಲ್ಲಿ ಆ ನಿರ್ದೇಶಕರು ಒಂದು ಮೆಟ್ಟಿಲು ಇಳಿದದ್ದು ಮುಖದಲ್ಲೇ ಕಂಡಿತು. ಒಳಗೆ ನಾಲ್ಕು ಗೋಡೆಗೂ ಚಿತ್ರ ತೂಗುಹಾಕಿದ್ದರು. ನಡುಮಧ್ಯದಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಒಂದು ಕಟ್ಟೆಯ ಮೇಲೆ, ಆತ ಬಳಸುತ್ತಿದ್ದ ಹಳೆಯ ಕ್ಯಾಮೆರಾ ಕೂತಿತ್ತು. ಮೇಲಿನಿಂದ ಒಂದು ದೀಪ ನೇರ ಅದರ ಮೇಲೆ ಬೀಳುತ್ತಿತ್ತು.

ನಾನೊಂದು ಉಪಾಯ ಮಾಡಿಕೊಂಡಿದ್ದೆ. ಪ್ರತಿ ಚಿತ್ರದ ಕೆಳಗೂ ಚೀಟಿ ಅಂಟಿಸಿದ್ದರು: ಚಿತ್ರದ ಹೆಸರು, ಯಾವ ಕಾಲದ್ದು, ಎರಡು ಸಾಲು ವಿವರ. ಇಬ್ಬರಿಗಿಂತ ಎರಡು ಚಿತ್ರ ಮುಂದೆ ಇದ್ದುಕೊಂಡು ಚೀಟಿ ಓದಿಬಿಡುವುದು, ಅವರು ಬಂದಾಗ ಚೀಟಿಯ ಕಡೆ ನೋಡದೆ, ಚಿತ್ರವನ್ನು ಮಾತ್ರ ಕಣ್ಣು ಕಿರಿದು ಮಾಡಿ ನೋಡುತ್ತ ಅರ್ಥ ಹೇಳುವುದು. ನೆಲದ ಮೇಲೆ ಅಂಟಿಸಿದ್ದ ಬಾಣ ಬಲಕ್ಕೆ ತಿರುಗಿ ಎನ್ನುತ್ತಿತ್ತು. ನಾನು ಬಲಕ್ಕೆ ತಿರುಗಿ ಮೊದಲ ಎರಡು ಚೀಟಿ ಬಾಯಿಪಾಠ ಮಾಡಿ ಹಿಂದೆ ನೋಡುತ್ತೇನೆ, ಇಬ್ಬರೂ ಇಲ್ಲ.

ಅವರು ಎಡಕ್ಕೆ ತಿರುಗಿದ್ದರು. ನಡುವೆ ಏನನ್ನೋ ಕಟ್ಟೆಯ ಮೇಲೆ ಕೂರಿಸಿ ದೀಪ ಹಾಕಿದ್ದರೆ, ಅದನ್ನು ಬಲಗೈ ಕಡೆಗೆ ಇಟ್ಟುಕೊಂಡು ಸುತ್ತಬೇಕೇ ಹೊರತು ಎಡಕ್ಕಿಟ್ಟುಕೊಂಡು ಸುತ್ತುವುದುಂಟೇ? ಬಾಣ ಹಾಕಿದವರಿಗೆ ಅಷ್ಟೂ ತಿಳಿದಿರಲಿಲ್ಲ. ಅವ್ವನ ಹಿಂದೆ ಇನ್ನೂ ಕೆಲವು ಹೆಂಗಸರು ಸಾಲಾಗಿ ಅದೇ ದಿಕ್ಕಿಗೆ ಹೊರಟಿದ್ದರು. ಬಾಣದಂತೆ ಬಲಕ್ಕೆ ಬಂದವರು ನಾನು ಮತ್ತು ಒಬ್ಬ ರಿಟೈರ್ಡ್ ಮೇಷ್ಟ್ರು.

ಓಡಿಹೋಗಿ ಕರೆತರಬಹುದಿತ್ತು. ಆದರೆ ಯೋಚಿಸಿದಾಗ ಇದೇ ವಾಸಿ ಎನಿಸಿತು. ನಾನು ಈ ಕಡೆಯಿಂದ ಎಲ್ಲ ಚೀಟಿ ಓದಿಕೊಂಡು ಹೋದರೆ, ಎದುರಾಗುವ ಹೊತ್ತಿಗೆ ಅರ್ಧ ಪ್ರದರ್ಶನಕ್ಕೆ ಪಂಡಿತನಾಗಿರುತ್ತೇನೆ. ಹಾಗೆಯೇ ಓದುತ್ತ ಹೋದೆ. ಆತ ಹುಡುಗನಾಗಿದ್ದಾಗ ಬರೆದ ಎತ್ತಿನ ಗಾಡಿ, ಥಿಯೇಟರಿನ ಮುಂದಿನ ಬೋರ್ಡಿಗೆ ಬರೆದ ದೊಡ್ಡ ಮೀಸೆಯ ಮುಖಗಳು, ಸಿನಿಮಾ ತೆಗೆಯುವ ಮುಂಚೆ ಪ್ರತಿ ದೃಶ್ಯವನ್ನೂ ಚೌಕದೊಳಗೆ ಬರೆದಿಟ್ಟ ಹಾಳೆಗಳು. ನಿಜ ಹೇಳಬೇಕೆಂದರೆ ಚಿತ್ರಗಳನ್ನು ನಾನು ಹೆಚ್ಚು ನೋಡಲಿಲ್ಲ, ಪರೀಕ್ಷೆಯ ಹಿಂದಿನ ದಿನ ಯಾರು ಚಿತ್ರ ನೋಡುತ್ತಾರೆ?

ಬಾಗಿಲಿಗೆ ಎದುರು ಗೋಡೆಯಲ್ಲಿ, ಮದುವೆಯಾದರೆ ಗಂಡು ಹೆಣ್ಣು ಕೂರುವ ವೇದಿಕೆಯ ಪಕ್ಕ, ನಾವು ಎದುರುಬದುರಾದೆವು. ಅವ್ವ ಖುಷಿಯಲ್ಲಿದ್ದಳು.

“ಮೊದ್ಲು ಮೊದ್ಲು ಪಾಪ ಕೈ ನಡುಗ್ತಿತ್ತು ಅಂತ ಕಾಣ್ತದೆ ಕನ್ ಮಗ, ಗೆರೆ ಎಲ್ಲ ಸೊಟ್ಟಸೊಟ್ಟ. ಬತ್ತಾ ಬತ್ತಾ ಅಭ್ಯಾಸ ಆಗಿ ನೆಟ್ಗಾಯ್ತು” ಎಂದಳು. ಅವಳು ಆತನ ಮುಪ್ಪಿನಿಂದ ಶುರುಮಾಡಿ ಹರೆಯದ ಕಡೆಗೆ ಬರುತ್ತಿದ್ದಳು. ತಿದ್ದಲು ನನಗೆ ಮನಸ್ಸಾಗಲಿಲ್ಲ. ಅವಳ ಲೆಕ್ಕದಲ್ಲಿ ಆತ ಇನ್ನೇನು ಗಟ್ಟಿಮುಟ್ಟಾಗಿ ಎತ್ತಿನ ಗಾಡಿಯವರೆಗೆ ಹೋಗಿ ಸೇರುತ್ತಿದ್ದ.

“ಅದಿರ್ಲಿ, ಇದೇನ್ ಯೋಳಪ್ಪ ಮಾದೇವ” ಎಂದು ಪುಟ್ಟತಾಯಮ್ಮ ನಮ್ಮ ನಡುವೆ ಉಳಿದಿದ್ದ ಚಿತ್ರಕ್ಕೆ ಬೆರಳು ಮಾಡಿದಳು.

ಅದೊಂದು ದೊಡ್ಡ ಹಾಳೆ, ದುಪ್ಪಟಿಯಷ್ಟು ಅಗಲ. ಇಡೀ ಹಾಳೆಗೆ ಕಪ್ಪು ಬಳಿದಿತ್ತು. ಕೆಳಗೆ ಬಲಮೂಲೆಯಲ್ಲಿ ಮಾತ್ರ ಒಂದು ಚೂರು ಬಿಳಿ ಬಿಟ್ಟಿದ್ದ. ಅದು ಬಾಗಿಲೆಂದರೆ ಬಾಗಿಲು, ಹಸುವಿನ ಕಿವಿಯೆಂದರೆ ಕಿವಿ. ನಾನು ಗಂಟಲು ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿ ಚೀಟಿ ನೋಡಿದೆ. ‘ಶೀರ್ಷಿಕೆಯಿಲ್ಲ. ಕಾಗದದ ಮೇಲೆ ಕಪ್ಪು ಶಾಯಿ’ ಎಂದಿತ್ತು. ಮತ್ತೇನೂ ಇರಲಿಲ್ಲ. ಚೀಟಿಯ ಹಿಂದೆ ಇದೆಯೇನೋ ಎಂದು ಉಗುರಿನಿಂದ ಅಂಚು ಎಬ್ಬಿಸಿಯೂ ನೋಡಿದೆ.

“ಕಪ್ಪು ಶಾಯಿಯಲ್ಲಿ ಬರೆದದ್ದು” ಎಂದೆ.

“ಕಪ್ಪು ಅನ್ನಾದು ನಮ್ಗೂ ಕಾಣ್ತದೆ ಕನಪ್ಪ. ಏನು ಅಂತ ಯೋಳು.”

ಅಷ್ಟರಲ್ಲಿ ಮ್ಯೂಸಿಯಮ್ಮಿನ ಹುಡುಗಿ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡವಳು, ನಗುತ್ತ ಬಂದಳು. ಬದುಕಿಕೊಂಡೆ ಎಂದುಕೊಂಡೆ. ಅವಳೆದುರು, ಊರ ಮಾತಿನಲ್ಲಿ ಉದುರಿಹೋಗುವ ನನ್ನ ಹಕಾರಗಳೆಲ್ಲ ತಮ್ಮ ಜಾಗಕ್ಕೆ ತಾವು ಬಂದು ನಿಂತವು. “ಈ ಚಿತ್ರದ ಹಿನ್ನೆಲೆಯನ್ನು ದಯವಿಟ್ಟು ಹೇಳುವಿರಾ?” ಎಂದೆ.

“ಕೈಯಲ್ಲಿ ಸಿನಿಮಾ ಇಲ್ಲದ ವರ್ಷಗಳಲ್ಲಿ ಬರೆದದ್ದು ಸರ್. ಇದೇನು ಅಂತ ಅವರು ಯಾರಿಗೂ ಹೇಳಲಿಲ್ಲ. ನಿಮಗೇನನ್ನಿಸುತ್ತೆ ಅದೇ ಅರ್ಥ. ನಿಮಗೆ ಏನು ಕಾಣಿಸ್ತಿದೆ ಅಮ್ಮ?”

“ಅದ್ಯಾಕ್ ಕೂಸು ನಮ್ಮುನ್ ಕೇಳೀಯೆ? ಬರ್ದೋರ್ನ ಸಾಯಾ ಮುಂಚೇನೆ ಒಂದ್ ಮಾತು ಕೇಳಿ ಮಡೀಕಬಾರ್ದಾಗಿತ್ತಾ?” ಎಂದಳು ಪುಟ್ಟತಾಯಮ್ಮ. ಹುಡುಗಿ ನಕ್ಕು ಬೇರೆ ಕಡೆ ಹೋದಳು. ಪುಟ್ಟತಾಯಮ್ಮ ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿ, “ಊ, ನಾಕ್ ವರ್ಸ ಓದಿದೋನು ಯೋಳ್ಲಿ” ಎಂದಳು.

ಹೇಳಲು ಬರುತ್ತಿರಲಿಲ್ಲವೆಂದಲ್ಲ. ‘ಇದು ಮಾನವನ ಒಂಟಿತನ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮೇಕೆಗೆ ಹೇಳಿದಷ್ಟೇ ಧೈರ್ಯವಾಗಿ ಹೇಳಿಬಿಡಬಹುದಿತ್ತು, ಚಿತ್ರವೇನೂ ಎದ್ದು ಅಲ್ಲಗಳೆಯುತ್ತಿರಲಿಲ್ಲ. ಆದರೆ ಅಂದು ಮೊದಲ ಬಾರಿಗೆ ನಾನು ಚೀಟಿ ಬಿಟ್ಟು ಚಿತ್ರವನ್ನೇ ನೋಡುತ್ತಿದ್ದೆ. ಅಷ್ಟು ಕಪ್ಪನ್ನು ಒಂದೇ ಸಮ ಬಳಿಯುವುದಕ್ಕೆ ಎಷ್ಟು ದಿನ ಕೂತಿದ್ದನೋ, ಆ ಬಿಳಿಯನ್ನು ಮಾತ್ರ ಯಾಕೆ ಬಿಟ್ಟನೋ. ಪಕ್ಕದಲ್ಲಿ ಅವ್ವ ನನ್ನ ಬಾಯನ್ನೇ ನೋಡುತ್ತಿದ್ದಳು. ಬಸ್ಸಿನಲ್ಲಿ ಆಡಿದ ವಾದವೆಲ್ಲ ಆ ಕಣ್ಣಲ್ಲಿತ್ತು. ನನಗೇ ಗೊತ್ತಾಗದ ಹಾಗೆ, ಬಂಡಳ್ಳಿಯ ನಾಲಿಗೆಯಲ್ಲಿ ಮಾತು ಹೊರಬಿತ್ತು: “ಕಾಣೆ ಕನವ್ವ. ನಂಗೂ ಗೊತ್ತಾಗ್ನಿಲ್ಲ.”

ಪುಟ್ಟತಾಯಮ್ಮನ ಮುಖ ಹಬ್ಬದ ದೀಪದ ಹಾಗೆ ಹತ್ತಿಕೊಂಡಿತು. “ನೋಡ್ದೇನೇ ಸಿದ್ದಿ? ನಾನ್ ಅವತ್ತೇ ಯೋಳಿರ್ನಿಲ್ವಾ?” ಎಂದು ಅವ್ವನ ಭುಜ ತಟ್ಟಿದಳು.

ಅವ್ವ ನನ್ನನ್ನು ನೋಡಿದಳು, ಚಿತ್ರವನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಮನಸ್ಸಿನಲ್ಲೇ ನನ್ನ ಫೋಟೋದಿಂದ ಹೂವು ಇಳಿಸುತ್ತಿದ್ದಾಳೆ ಎಂದೇ ನಾನು ತಿಳಿದೆ. ಆಮೇಲೆ ತಣ್ಣಗೆ ಹೇಳಿದಳು: “ಅಲ್ಲ ಕನೆ ಪುಟ್ಟತಾಯಿ, ನನ್ ಮಗುಂಗೇ ಗೊತ್ತಾಗ್ನಿಲ್ಲ ಅಂದ್ಮೇಲೆ ಇದು ಎಂತಾ ಚಿತ್ರ ಇದ್ದಾತು, ನೀನೇ ಯೋಚ್ನೆ ಮಾಡು.”

ಪುಟ್ಟತಾಯಮ್ಮ ಚಿತ್ರದ ಕಡೆ ತಿರುಗಿ ಸೆರಗು ತಲೆಗೆ ಎಳೆದುಕೊಂಡಳು. ಇಬ್ಬರೂ ಆ ಕಪ್ಪು ಹಾಳೆಯ ಮುಂದೆ ಮತ್ತಷ್ಟು ಹೊತ್ತು, ಈ ಸಲ ಮರ್ಯಾದೆಯಿಂದ, ನಿಂತರು.

ಸಾಯಂಕಾಲ ಬಸ್‌ಸ್ಟ್ಯಾಂಡಿಗೆ ಬಿಡಲು ಹೋದಾಗ, ಪುಟ್ಟತಾಯಮ್ಮ ಸೀಟು ಹಿಡಿಯಲು ನುಗ್ಗಿದ ಹೊತ್ತಿನಲ್ಲಿ, ಅವ್ವ ನನ್ನ ಕೈ ಹಿಡಿದುಕೊಂಡು ಹೇಳಿದಳು: “ಇಷ್ಟ್ ದಿನ ನೀನ್ ಯೋಳ್ತಿದ್ದುದ್ರಲ್ಲಿ ಅರ್ಧಕ್ಕರ್ಧ ನಂಗೆ ತಿಳೀತಿರ್ನಿಲ್ಲ ಕನ್ ಮಗ. ಸುಮ್ಕೆ ಊ ಅಂತಿದ್ದೆ. ಇವತ್ ಯೋಳುದ್ಯಲ್ಲ, ಅದು ಪೂರಾ ತಿಳೀತು.” ಬಸ್ಸು ಹೊರಟಿತು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಭಾನುವಾರ ಬೆಳಿಗ್ಗೆ ಬಂಡಳ್ಳಿಯಿಂದ ಒಂದು ಟೆಂಪೋ ತುಂಬ ಜನ ಅವ್ವನನ್ನು ಮುಂದಿಟ್ಟುಕೊಂಡು ಮಂಟಪದ ಮುಂದೆ ಇಳಿದರು. ‘ಮಾದೇವಂಗೇ ಗೊತ್ತಾಗದ ಚಿತ್ರ’ ನೋಡಲು ಬಂದವರು. ಎಲ್ಲರೂ ಚಪ್ಪಲಿ ಬಿಟ್ಟು, ಎಡಕ್ಕೆ ತಿರುಗಿ, ಕ್ಯಾಮೆರಾ ಸುತ್ತಿಕೊಂಡು ನೇರ ಅಲ್ಲಿಗೇ ಬಂದರು. ಅವ್ವ ನನ್ನನ್ನು ಮನೆಯಿಂದ ಎಳೆತಂದು ಚಿತ್ರದ ಪಕ್ಕ ನಿಲ್ಲಿಸಿದಳು. ಜನ ಚಿತ್ರವನ್ನು ಒಂದು ಗಳಿಗೆ ನೋಡಿ, ನನ್ನನ್ನು ಬಹಳ ಹೊತ್ತು ನೋಡಿದರು. “ಈಗ್ಲೂ ಗೊತ್ತಾಗ್ನಿಲ್ವಾ?” ಎಂದು ಒಬ್ಬರು ಕನಿಕರದಿಂದ ಕೇಳಿದರು. “ಇನ್ನೂ ಇಲ್ಲ” ಎಂದೆ. “ಊ, ನೋಡುದ್ರಾ?” ಎಂದಳು ಅವ್ವ. ಮ್ಯೂಸಿಯಮ್ಮಿನ ಹುಡುಗಿ ಬಂದು, ಪ್ರವಾಸದಲ್ಲಿ ಬೇರೆ ಯಾವ ಊರಿನಲ್ಲೂ ಈ ಚಿತ್ರದ ಮುಂದೆ ಇಷ್ಟು ಜನ ಸೇರಿರಲಿಲ್ಲ ಎಂದು ನನಗೆ ವಂದನೆ ಹೇಳಿ ಹೋದಳು.

ಲಾರಿ ಈಗ ಚಾಮರಾಜನಗರಕ್ಕೆ ಹೋಗಿದೆ. ನಿನ್ನೆ ಅವ್ವನ ಫೋನು ಬಂದಿತ್ತು. “ಒಂದಿನ ರಜ ಹಾಕಿ ಅಲ್ಲಿಗೂ ಓಗ್ಬುಟ್ಟು ಬಾ ಮಗ. ನೀನಿಲ್ದಿದ್ರೆ ಅದು ಅರ್ಥ ಆಗದ ಚಿತ್ರ ಅಂತ ಅಲ್ಲಿ ಜನಕ್ಕೆ ಎಂಗ್ ಗೊತ್ತಾಗ್ಬೇಕು?”

ಏನು ಮಾಡಲಿ ಎಂದು ಹೆಂಡತಿಯನ್ನು ಕೇಳಿದೆ. ಅವಳು ಟೀ ಲೋಟ ಕೆಳಗಿಡದೆ, “ನಂಗೊತ್ತಿಲ್ಲಪ್ಪ” ಎಂದಳು. ಅವಳು ಅದನ್ನು ಎಷ್ಟೋ ವರ್ಷದಿಂದ ಹೇಳುತ್ತಿದ್ದಾಳೆ, ಅವಳನ್ನು ನೋಡಲು ಒಂದು ಟೆಂಪೋವೂ ಬಂದದ್ದಿಲ್ಲ.