ನನ್ನ ಫೋನು, ಊರ ಹುಳ

ನನ್ನ ಹೊಸ ಫೋನು ಊರವರ ಹೊಟ್ಟೆಯ ಹುಳ ನೋಡಲಿಕ್ಕೆ ಹುಟ್ಟಿದ್ದು ಎಂದು ಅಂಗಡಿಯವನು ಹೇಳಿರಲಿಲ್ಲ. ಅದರ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ನಾನಿನ್ನೂ ಕಿತ್ತಿರಲಿಲ್ಲ. ನನ್ನ ಹೆಂಡತಿ ಅನ್ನಪೂರ್ಣಾ ಉಗರಗೋಳದ ಆಶಾ ಕಾರ್ಯಕರ್ತೆ. ಸವದತ್ತಿಯ ತರಬೇತಿಯಿಂದ ಕಡ್ಡಿಪೆಟ್ಟಿಗೆಯಷ್ಟು ಚಿಕ್ಕ ಸೂಕ್ಷ್ಮದರ್ಶಕ ತಂದಳು. ಫೋನಿನ ಕ್ಯಾಮೆರಾಕ್ಕೆ ಸಿಕ್ಕಿಸಿದರೆ ಮಲದಲ್ಲಿರುವ ಹುಳದ ಮೊಟ್ಟೆ ಹುಣಸೆಬೀಜದಷ್ಟು ಕಾಣುತ್ತದಂತೆ. ಅವಳ ಕ್ಯಾಮೆರಾ ಮಸುಕು. ಮನೆಯಲ್ಲಿ ಒಳ್ಳೆಯ ಕ್ಯಾಮೆರಾ ಯಾರದು? ಈ ದುರ್ದೈವಿಯದು.

"ನನ್ನ ಫೋನಿಗೆ ಅದನ್ನ ತೋರಸ್ತಿ ಏನ?" ಎಂದು ಚೀರಿದೆ.

"ಫೋನಿಗೇನು ವಾಸನಿ ಬರತೈತೇನ್ರಿ? ಹತ್ತ ಮಂದೀದು ನೋಡೂತನಕ ಅಷ್ಟ. ಆಮ್ಯಾಲ ನಿಮ್ಮ ಫೋನು ನಿಮಗ."

ಹತ್ತು ಮನೆಗೆ ಹತ್ತು ಡಬ್ಬಿ ಕೊಟ್ಟು, ಏನು ಬೇಕೆಂದು ಬಿಡಿಸಿ ಹೇಳಿ ಬಂದಳು. ಮರುದಿನ ಹತ್ತೂ ತುಂಬಿ ಬಂದವು. ನಾನು ಮೂಗಿಗೆ ಟವೆಲ್ ಸುತ್ತಿಕೊಂಡು ಬಾಗಿಲಾಚೆ ನಿಂತೆ. ಅನ್ನಪೂರ್ಣಾ ಮೊದಲ ಮುಚ್ಚಳ ತೆಗೆದಳು. ಶೇಂಗಾ ಚಟ್ನಿ! ಎರಡನೆಯದು ಗುರೆಳ್ಳು ಚಟ್ನಿ. ಮೂರನೆಯದು ಮಾವಿನ ಉಪ್ಪಿನಕಾಯಿ. (ಟವೆಲ್ ಬಿಚ್ಚಿ ರೊಟ್ಟಿ ತಂದೆ.)

ಪಕ್ಕದ ಮನೆಯ ಶೆಟ್ಟೆವ್ವನನ್ನು ಅನ್ನಪೂರ್ಣಾ ತರಾಟೆಗೆ ತೆಗೆದುಕೊಂಡಳು.

"ಅದನ್ನ ಹೆಂಗ ಕೊಡೂದವ್ವಾ, ನಾಚಿಕಿ ಬರತೈತಿ. ಹಂಗಂತ ಮಂದಿ ಡಬ್ಬಿ ಬರೇದ ತಿರುಗಿ ಕೊಡಾಕ ಬರತೈತೇನು? ಮೊದಲ ನಿನ್ನ ಗಂಡಂದು ನೋಡು, ಆಮ್ಯಾಲ ನಮ್ಮದು."

ಹತ್ತೂ ಮನೆಯವರದು ಅದೇ ಮಾತು. ಸರಿ, ನನ್ನದು ಶುದ್ಧವೆಂದು ಸಾಬೀತಾದರೆ ಉಳಿದವರೂ ಕೊಡುತ್ತಾರೆ, ಫೋನು ಬೇಗ ಕೈಗೆ ಬರುತ್ತದೆ ಎಂದು ಲೆಕ್ಕ ಹಾಕಿದೆ. ಇಪ್ಪತ್ತು ವರ್ಷ ಬರಿಗಾಲಲ್ಲೇ ಹೊಲ ತುಳಿದ ವಜ್ರದೇಹ ನನ್ನದು. ಎದೆಯುಬ್ಬಿಸಿ ಡಬ್ಬಿ ಕೊಟ್ಟೆ.

ಹತ್ತು ಮನೆಯವರೂ ನಮ್ಮ ಕಟ್ಟೆಯ ಮೇಲೆ ನೆರೆದರು. ಅನ್ನಪೂರ್ಣಾ ಗಾಜಿನ ಪಟ್ಟಿಗೆ ಸವರಿ, ಫೋನಿಗೆ ಹಿಡಿದು, ಒಮ್ಮೆ ನೋಡಿದಳು. ಇನ್ನೊಮ್ಮೆ ನೋಡಿದಳು.

"ರೀ, ಕೊಕ್ಕಿ ಹುಳದ ಮೊಟ್ಟಿ ಅದಾವು."

"ಯಾರವು?"

"ಮತ್ಯಾರವು? ನಿಮ್ಮವ! ಬರಿಗಾಲಿನಿಂದನ ಒಳಗ ಹೊಕ್ಕತೈತಿ ಈ ಹುಳ. ಹೊಲಕ್ಕ ಚಪ್ಪಲಿ ಹಾಕ್ಕೊಂಡ ಹೋಗ್ರಿ ಅಂತ ಎಷ್ಟ ಬಡಕೊಂಡೇನಿ!"

ನನ್ನ ಮೊಟ್ಟೆಗಳು ನನ್ನದೇ ಫೋನಿನಲ್ಲಿ ಕೈಯಿಂದ ಕೈಗೆ ಮೆರವಣಿಗೆ ಹೊರಟವು. ಭೂಮಿ ಬಾಯಿಬಿಡಬಾರದೇ ಅನಿಸಿತು.

"ಸಿದ್ದರಾಮನಂಥಾ ಗಟ್ಟಿ ಗಂಡಸಿಗೇ ಅದಾವಂದ್ರ ನಮ್ಮ ಗತಿ ಏನವ್ವಾ!" ಎನ್ನುತ್ತ ಶೆಟ್ಟೆವ್ವ ಮನೆಗೆ ಓಡಿದಳು.

ಮರುದಿನ ಕಟ್ಟೆಯ ಮೇಲೆ ನಲವತ್ತು ಡಬ್ಬಿ ಸಾಲಾಗಿ ಕುಳಿತಿದ್ದವು. ಒಂದರಲ್ಲೂ ಚಟ್ನಿ ಇರಲಿಲ್ಲ.

ಈಗ ಹತ್ತಿರದ ಮನೋಳಿಯಿಂದಲೂ ಹುಳ ನೋಡಲು ಬಾ ಎಂದು ಅವಳಿಗೆ ಕರೆ ಬಂದಿದೆ. ನಾನು ಗುಳಿಗೆ ನುಂಗಿದ್ದೇನೆ, ಚಪ್ಪಲಿ ಮೆಟ್ಟುತ್ತಿದ್ದೇನೆ. ಮೂರು ವಾರ ತಡೆದು, ನಿನ್ನೆ ಧೈರ್ಯಮಾಡಿ ಕೇಳಿದೆ: "ನನ್ನ ಫೋನು ಯಾವಾಗ ಕೊಡ್ತಿ?"

"ಮೊದಲ ನಿಮ್ಮದು ಮತ್ತೊಮ್ಮಿ ನೋಡಬೇಕ್ರಿ," ಎಂದು ಅನ್ನಪೂರ್ಣಾ ನನ್ನ ಕೈಗೆ ಡಬ್ಬಿ ಇಟ್ಟಳು. "ಬರೇದ ತಿರುಗಿ ಕೊಡಬ್ಯಾಡ್ರಿ."